ಇಟ್ಟಿಗೆ ಅಂಗಳದ ಗಾರೆ ಕಲೆಗೆ ಆಸಿಡ್ ಸುರಿಯಬಹುದಾ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಅಂಗಳಕ್ಕೆ ಸುಟ್ಟ ಇಟ್ಟಿಗೆ ಹಾಸಿಸಿದ್ದೇವೆ. ಕಾಂಪೌಂಡ್ ಗೋಡೆಗೆ ಪ್ಲಾಸ್ಟರಿಂಗ್ ಮಾಡಿಸುವಾಗ ಗಾರೆ ಬಿದ್ದು ಅಲ್ಲಲ್ಲಿ ಗಟ್ಟಿಯಾಗಿದೆ. ಆಸಿಡ್ ಸುರಿದರೆ ಹೋಗುತ್ತದೆ ಅಂತಾರೆ ಮೇಸ್ತ್ರಿ. ಸುರಿಯಬಹುದಾ?

ಉತ್ತರ: ದಯವಿಟ್ಟು ಹಾಗೇ ಸುರಿಯಬೇಡಿ. ಆಸಿಡ್ ಬೇಕಾದೀತು, ಆದರೆ ಕೊನೆಗೆ, ಅದೂ ನೀರು ಬೆರೆಸಿ.

ಮೊದಲು ಕೈಯಿಂದ ಎಬ್ಬಿಸಿ. ಉಳಿಯನ್ನು ಮಲಗಿಸಿ ಹಿಡಿದು ಪಕ್ಕದಿಂದ ಮೆಲ್ಲಗೆ ತಟ್ಟಿ. ಮೇಲಿಂದ ಹೊಡೆದರೆ ಇಟ್ಟಿಗೆಯ ಮೂಲೆಯೇ ಎದ್ದು ಬರುತ್ತದೆ. ದಪ್ಪ ಗಾರೆ ಚಕ್ಕೆಯಾಗಿ ಹಾರಿದ ಮೇಲೆ ಬೂದು ಬಣ್ಣದ ತೆಳು ಪೊರೆ ಉಳಿಯುತ್ತದೆ, ಅಲ್ವಾ? ಅದನ್ನು ಅದೇ ಇಟ್ಟಿಗೆಯ ಒಂದು ಚೂರಿನಿಂದ ಉಜ್ಜಿ. ಕೆಂಪು ಪುಡಿ ಉದುರುತ್ತಾ ಪೊರೆ ಸವೆಯುತ್ತದೆ. ಎಷ್ಟೋ ಕಲೆ ಇಷ್ಟಕ್ಕೇ ಹೋಗುತ್ತವೆ. ಕಬ್ಬಿಣದ ತಂತಿ ಬ್ರಷ್ ಬೇಡ. ಮುರಿದ ತಂತಿ ಇಟ್ಟಿಗೆಯಲ್ಲಿ ಸಿಕ್ಕಿಕೊಂಡು ಮಳೆಗೆ ತುಕ್ಕಿನ ಕಲೆ ಬಿಡುತ್ತದೆ.

ಇನ್ನೂ ಉಳಿದರೆ ಹೈಡ್ರೋಕ್ಲೋರಿಕ್ ಆಸಿಡ್. 10 ಪಾಲು ನೀರಿಗೆ 1 ಪಾಲು ಸಾಕು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಆಸಿಡ್. ಆಸಿಡ್‌ಗೆ ನೀರು ಹಾಕಿದರೆ ಸಿಡಿಯುತ್ತದೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು.

ಹಚ್ಚುವ ಮೊದಲು ಇಟ್ಟಿಗೆಗೆ ಹೊಟ್ಟೆ ತುಂಬಾ ನೀರು ಕುಡಿಸಿ. ಹಾಸನದ ನಮ್ಮ ಮನೆಯಲ್ಲಿ ಒಣ ಇಟ್ಟಿಗೆಗೇ ಹಚ್ಚಿಬಿಟ್ಟಿದ್ದೆವು. ಕರಗಿದ ಸಿಮೆಂಟನ್ನೂ ಎಳೆದುಕೊಂಡು ಆಸಿಡ್ ಒಳಗಿಳಿಯಿತು. ಚುಕ್ಕೆಯಷ್ಟಿದ್ದ ಕಲೆ ತಟ್ಟೆಯಗಲ ಬಿಳಿಚಿಕೊಂಡಿತು. ಇಟ್ಟಿಗೆ ನೆನೆದಿದ್ದರೆ ಆಸಿಡ್ ಮೇಲೇ ನಿಂತು ಗಾರೆಯನ್ನಷ್ಟೇ ತಿನ್ನುತ್ತದೆ. ಸಣ್ಣಗೆ ನೊರೆ ಏಳುವುದು ಕಾಣುತ್ತದೆ. ನೊರೆ ನಿಂತ ಕೂಡಲೇ ಪ್ಲಾಸ್ಟಿಕ್ ಬ್ರಷ್‌ನಿಂದ ತಿಕ್ಕಿ, ಧಾರಾಳವಾಗಿ ನೀರು ಬಿಟ್ಟು ತೊಳೆಯಿರಿ. ಒಣಗಲು ಬಿಡಬೇಡಿ. ಇಟ್ಟಿಗೆ ಸಂದಿಗೆ ಸಿಮೆಂಟ್ ತುಂಬಿಸಿದ್ದರೆ ಅದನ್ನೂ ಆಸಿಡ್ ತಿನ್ನುತ್ತದೆ, ಹಾಗಾಗಿ ಕಲೆಯ ಮೇಲೆ ಮಾತ್ರ ಹಚ್ಚಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಪಾಚಿಗೆ ಬ್ಲೀಚಿಂಗ್ ಪೌಡರ್ ಎರಚುತ್ತೇವಲ್ಲ, ಅದರ ಮೇಲೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಉಸಿರಿಗೆ ತೀರಾ ಅಪಾಯ. ಪೌಡರ್ ಪೂರ್ತಿ ತೊಳೆದು ಹೋಗಿದೆ ಅಂತ ಖಾತ್ರಿಯಾಗದೆ ಆಸಿಡ್ ಬಾಟಲಿ ತೆರೆಯಬೇಡಿ.

ನಿಮ್ಮದು ನಿಜವಾಗಿ ಸುಟ್ಟ ಇಟ್ಟಿಗೆಯೇ ಅಂತಲೂ ನೋಡಿಕೊಳ್ಳಿ. ಮುರಿದ ಮೂಲೆಯಲ್ಲಿ ಬೂದು ಬಣ್ಣ, ಜಲ್ಲಿ ಪುಡಿ ಕಂಡರೆ ಅದು ಸಿಮೆಂಟ್ ಇಂಟರ್‌ಲಾಕ್. ಅದಕ್ಕೆ ಆಸಿಡ್ ತಾಗಿಸಲೇಬೇಡಿ, ಕಲೆಯ ಜೊತೆ ಇಟ್ಟಿಗೆಯೇ ಕರಗುತ್ತದೆ. ಮಳೆ ಬಿಟ್ಟ ಮೇಲೆ ಹಿಟ್ಟಿನ ಹಾಗೆ ಬಿಳಿ ಪುಡಿ ಎದ್ದರೆ ಅದು ಗಾರೆಯಲ್ಲ, ಇಟ್ಟಿಗೆಯೊಳಗಿನ ಉಪ್ಪು. ಬಿಸಿಲಲ್ಲಿ ಒಣಗಿಸಿ ಸುಮ್ನೆ ಗುಡಿಸಿ ತೆಗೆಯಿರಿ.