ಪಾಡ್ ಹಾಕಿಸುವ ಮುಂಚೆ ನೀರಿನ ಗೆರೆ ನೋಡಿ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೆರೆ, ಜೌಗು, ನಿಧಾನವಾಗಿ ಹರಿಯುವ ನದಿ ಎಲ್ಲಿದ್ದರೂ ಜಾನ್ ಬೋಟ್ ಕಾಣುತ್ತದೆ. ಚಪ್ಪಟೆ ತಳ, ಚೌಕ ಮೂತಿ, ಅಲ್ಯೂಮಿನಿಯಂ ಮೈ. ಗೇಣುದ್ದ ನೀರಿದ್ದರೂ ಸಾಕು, ಹೋಗಿಬಿಡುತ್ತದೆ. ಆದರೆ ಹಳೇ ಟೂ ಸ್ಟ್ರೋಕ್ ಮೋಟಾರ್ ತೆಗೆದು ಅದಕ್ಕಿಂತ ಭಾರದ ಫೋರ್ ಸ್ಟ್ರೋಕ್ ಕೂರಿಸಿದರೆ ಹಿಂಭಾಗ ಕುಸಿಯುತ್ತದೆ. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಓಡಿಸುವವರು, ಎಲ್ಲ ಭಾರವೂ ಅಲ್ಲೇ ತಾನೇ? ಆಗ ನಮ್ಮ ವರ್ಕ್‌ಶಾಪಿಗೆ ಬಂದು, ಹಿಂದೆ ಎರಡು ಪಾಡ್ ವೆಲ್ಡ್ ಮಾಡಿಕೊಡಿ ಅನ್ನುತ್ತಾರೆ. ಇತ್ತೀಚೆಗೆ ಹಾಗೆ ಬರುವವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಈ ಬರಹ ಅವರಿಗಾಗಿ.

ಪಾಡ್ ಅಂದರೆ ಗಾಳಿ ತುಂಬಿ ಮುಚ್ಚಿದ ಅಲ್ಯೂಮಿನಿಯಂ ಡಬ್ಬ. ಮೋಟಾರ್ ತೂಗುವ ಹಿಂಗೋಡೆಗೆ, ಅಂದರೆ ಟ್ರಾನ್ಸಮ್‌ಗೆ, ಎರಡೂ ಪಕ್ಕ ಒಂದೊಂದು ಕೂರಿಸುತ್ತೇವೆ. ಇದು ಎಷ್ಟು ಕೆಜಿ ಎತ್ತುತ್ತದೆ ಅನ್ನೋದೇ ಎಲ್ಲರ ಮೊದಲ ಪ್ರಶ್ನೆ. ಲೆಕ್ಕ ತಪ್ಪುವುದೂ ಅಲ್ಲೇ.

40 ಸೆಂ.ಮೀ. ಉದ್ದ, 30 ಅಗಲ, 35 ಎತ್ತರದ ಡಬ್ಬ ತಗೊಳ್ಳಿ. ಒಟ್ಟು 42 ಲೀಟರ್. ಸಿಹಿನೀರಿನಲ್ಲಿ ಲೀಟರಿಗೆ ಒಂದು ಕೆಜಿಯಂತೆ ಎರಡು ಡಬ್ಬಕ್ಕೆ 84 ಕೆಜಿ ಅಂತ ಮಾರುವವರು ಹೇಳುತ್ತಾರೆ. ಪೂರ್ತಿ ಮುಳುಗಿದರೆ, ಡಬ್ಬದ ಸ್ವಂತ ತೂಕ ಕಳೆಯುವ ಮುಂಚೆ, ಅದು ನಿಜ. ಆದರೆ ಎತ್ತುವ ಬಲ ಹುಟ್ಟುವುದು ಮುಳುಗಿದ ಭಾಗದಿಂದ ಮಾತ್ರ. ನಿಮ್ಮ ದೋಣಿಯ ಹಿಂಭಾಗ 15 ಸೆಂ.ಮೀ. ಮುಳುಗಿ ನಿಲ್ಲುತ್ತದೆ ಅನ್ನಿ. ಆಗ ಡಬ್ಬದಲ್ಲಿ ಕೆಲಸ ಮಾಡುವುದು ಬರೀ 18 ಲೀಟರ್. 3 ಮಿ.ಮೀ. ತಗಡಿನ ಆ ಡಬ್ಬ ತಾನೇ ಹತ್ತಿರ ಹತ್ತಿರ 6 ಕೆಜಿ ತೂಗುತ್ತದೆ. ಉಳಿದದ್ದು 12. ಎರಡೂ ಸೇರಿ 24 ಕೆಜಿ. ಒಂದು ದೊಡ್ಡ ಲೆಡ್ ಆಸಿಡ್ ಬ್ಯಾಟರಿಯೇ ಸುಮಾರು ಅಷ್ಟು ತೂಗುತ್ತದೆ!

ಹಾಗಾಗಿ ನಾನು ಮೊದಲು ಹೇಳುವುದು ಒಂದೇ: ಬ್ಯಾಟರಿ ಮತ್ತು ಟ್ಯಾಂಕನ್ನು ಮುಂದಕ್ಕೆ ಸರಿಸಿ, ಉದ್ದದ ವೈರು, ಪೈಪು ಹಾಕಿ, ಎಂದಿನಂತೆ ಜನ ಕೂತು ನೀರಿಗಿಳಿಸಿ. ಹಿಂದೆ ನೀರು ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಟೇಪ್ ಅಂಟಿಸಿ. ಎಷ್ಟೋ ದೋಣಿಗಳಿಗೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಆ ಟೇಪ್ ನೋಡಿಕೊಂಡೇ ಪಾಡ್ ಅಳತೆ ಹಾಕುತ್ತೇವೆ. ಎತ್ತರದ ಡಬ್ಬಕ್ಕಿಂತ ಅಗಲ, ಉದ್ದ ಜಾಸ್ತಿ ಇರುವುದು ಲೇಸು. ಮುಳುಗುವ ಭಾಗ ಹೆಚ್ಚುತ್ತದೆ.

ಹಾಗಂತ ಪಾಡ್ ದಂಡ ಅಲ್ಲ. ಅದು ಟ್ರಾನ್ಸಮ್‌ಗಿಂತ ಹಿಂದೆ ಇರುವುದರಿಂದ ಹಾರೆ ಮೀಟಿದ ಹಾಗೆ, ಕಮ್ಮಿ ಬಲಕ್ಕೇ ಮೂತಿ ತಗ್ಗುತ್ತದೆ. ಥ್ರಾಟಲ್ ಕೊಟ್ಟಾಗ ಹಿಂಭಾಗ ಇನ್ನಷ್ಟು ಕೂರುತ್ತದಲ್ವಾ, ಆಗ ಪಾಡ್ ಹೆಚ್ಚು ಮುಳುಗಿ ಬಲವಾಗಿ ಎತ್ತುತ್ತದೆ. ಥ್ರಾಟಲ್ ತಟ್ಟನೆ ಬಿಟ್ಟಾಗ ನಮ್ಮದೇ ಅಲೆ ಹಿಂದಿನಿಂದ ಬಂದು ಒಳಗೆ ಹಾರುವ ಅಪಾಯವೂ ತಗ್ಗುತ್ತದೆ. ಪಾಡ್ ಹಾಕಿಸಿದ್ದು ಸಾರ್ಥಕ ಅನ್ನಿಸುವುದು ಇಂಥ ಹೊತ್ತಿನಲ್ಲೇ.

ಪಾಡ್‌ನ ತಳ ದೋಣಿಯ ತಳಕ್ಕಿಂತ ಕೆಳಗೆ ಹೋಗಲೇಬಾರದು. ಹೋದರೆ ವೇಗ ಹಿಡಿದಾಗ ನೀರು ಅದಕ್ಕೆ ಬಡಿದು ಮೂತಿಯನ್ನು ನೀರಿಗೆ ಒತ್ತುತ್ತದೆ. ನಾನು ಒಂದೆರಡು ಸೆಂ.ಮೀ. ಮೇಲಕ್ಕೇ ಇಡುತ್ತೇನೆ. ಕತ್ತರಿಸುವ ಮುಂಚೆ ರಟ್ಟಿನಲ್ಲಿ ಅದೇ ಅಳತೆಯ ಡಬ್ಬ ಮಾಡಿ ಅಂಟಿಸಿ, ಮೋಟಾರನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಮೇಲಕ್ಕೂ ಎತ್ತಿ ನೋಡುತ್ತೇನೆ. ರಟ್ಟು ಎಲ್ಲಿ ಮಡಚುತ್ತದೋ ಅಲ್ಲಿ ಪಾಡ್ ಕಿರಿದಾಗಬೇಕು.

ಮನೆಯಲ್ಲೇ ವೆಲ್ಡ್ ಮಾಡುತ್ತೇನೆ ಅನ್ನುವವರು ದಯವಿಟ್ಟು ಇದನ್ನು ಓದಿ. ಎಷ್ಟೋ ಜಾನ್ ಬೋಟ್‌ಗಳ ಹಿಂದಿನ ಸೀಟಿನ ಕೆಳಗೆ, ಟ್ರಾನ್ಸಮ್ ಪಕ್ಕದಲ್ಲಿ, ಫೋಮ್ ತುಂಬಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ. ವೆಲ್ಡಿಂಗ್ ಕಾವಿಗೆ ಪಾಲಿಯುರೆಥೇನ್ ಫೋಮ್ ಸುಟ್ಟರೆ ಸಯನೈಡ್ ಇರುವ ಹೊಗೆ ಏಳುತ್ತದೆ. ಟ್ರಾನ್ಸಮ್ ಒಳಗಿನ ಪ್ಲೈವುಡ್ಡೂ ಹೊತ್ತಿಕೊಳ್ಳಬಹುದು. ಫೋಮ್, ಮರ, ಪೆಟ್ರೋಲ್ ಟ್ಯಾಂಕ್ ಎಲ್ಲ ತೆಗೆದ ಮೇಲೇ ವೆಲ್ಡಿಂಗ್ ಟಾರ್ಚ್ ಹಚ್ಚಬೇಕು. ತೆಗೆಯೋಕೆ ಆಗಲ್ಲ ಅಂದರೆ ಬೋಲ್ಟ್ ಹಾಕಿ, ಮರೀನ್ ಸೀಲಂಟ್ ಬಳಿದು ಕೂರಿಸಿ. ತೆಗೆದ ಫೋಮನ್ನು ಮತ್ತೆ ತುಂಬದೆ ಬಿಡಬೇಡಿ. ದೋಣಿಯೊಳಗೆ ನೀರು ತುಂಬಿದಾಗ ನಿಮ್ಮನ್ನು ತೇಲಿಸುವುದು ಅದೇ. ಪಾಡ್ ಅದಕ್ಕೆ ಬದಲಿ ಅಲ್ಲ.

ಇಲ್ಲಿ 20 ಅಡಿಗಿಂತ ಚಿಕ್ಕದಾದ ಮೋಟಾರ್ ದೋಣಿಗಳಲ್ಲಿ ಎಷ್ಟು ಜನ, ಎಷ್ಟು ತೂಕ, ಎಷ್ಟು ಹಾರ್ಸ್‌ಪವರ್ ಅಂತ ಬರೆದ ಫಲಕ ಇರುತ್ತದೆ. ಪಾಡ್ ಹಾಕಿಸಿದಿರಿ ಅಂತ ಆ ಅಂಕಿಗಳು ಬದಲಾಗುವುದಿಲ್ಲ. ಎರಡು ಪಾಡ್ ಇದೆ, ಇನ್ನೂ ದೊಡ್ಡ ಮೋಟಾರ್ ಹಾಕೋಣ ಅಂದವರಿಗೆ ನಾನು ಕೆಲಸ ಮಾಡಿಕೊಡುವುದಿಲ್ಲ.

ಪಾಡ್ ತಗೊಳ್ಳುವಾಗ ಪ್ರತಿಯೊಂದಕ್ಕೂ ಡ್ರೈನ್ ಪ್ಲಗ್, ಅಂದರೆ ನೀರು ಬಸಿಯುವ ತೂತಿನ ಬಿರಡೆ, ಇದೆಯಾ ನೋಡಿ. ಆ ತೂತಿನಿಂದ 2 ಪಿಎಸ್‌ಐಗಿಂತ ಹೆಚ್ಚಿಲ್ಲದಂತೆ ಗಾಳಿ ಕೊಟ್ಟು, ವೆಲ್ಡ್ ಗೆರೆಗೆಲ್ಲ ಸೋಪಿನ ನೀರು ಸವರಿ. ಗುಳ್ಳೆ ಎದ್ದ ಕಡೆ ಸೂಜಿತೂತು ಇದೆ ಅಂತ ಅರ್ಥ. ಬಿಸಿಲಿಗೆ ಕಾದ ಡಬ್ಬ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಆ ತೂತಿನಿಂದಲೇ ನೀರು ಎಳೆದುಕೊಳ್ಳುತ್ತದೆ. ದೋಣಿ ಟ್ರೇಲರ್ ಮೇಲೆ ಬಂದಾಗಲೆಲ್ಲ ಪ್ಲಗ್ ತೆಗೆದು ನೋಡಿ. ಒಂದು ಲೋಟ ನೀರು ಬಂದರೂ ಮುಂದಿನ ಸಲ ಇಳಿಸುವ ಮುಂಚೆ ವೆಲ್ಡ್ ಸರಿಮಾಡಿಸಿ.