ಪಂಪ್‌ಸೆಟ್ಟಿನ ಪೆಟ್ಟಿಗೆ, ನಿಂಬೆಹಣ್ಣು ಮತ್ತು ಬೂಟ್‌ಲೋಡರ್

ಕಾರಟಗಿಯ ಹತ್ತಿರ ಹಳ್ಳದ ದಂಡೆಯಲ್ಲಿರುವ ನಮ್ಮ ಕಾಕಾನ ಪಂಪ್‌ಸೆಟ್ಟಿಗೆ ನಾನೇ ಜೋಡಿಸಿಕೊಟ್ಟ ಆಟೋ ಸ್ಟಾರ್ಟರ್ ಒಂದಿದೆ. ತ್ರೀ-ಫೇಸ್ ವಿದ್ಯುತ್ತು ಪಾಳಿಯ ಮೇಲೆ ಬರುವ ನಮ್ಮ ಕಡೆ, ನಡುರಾತ್ರಿ ಎದ್ದು ಹೊಲಕ್ಕೆ ಹೋಗಿ ಬಟನ್ ಒತ್ತುವ ಕಷ್ಟವನ್ನು ಇಂಥ ಪೆಟ್ಟಿಗೆ ತಪ್ಪಿಸುತ್ತದೆ. ಒಂದು ವರ್ಷ ಭತ್ತದ ನಾಟಿಯ ಹೊತ್ತಿಗೆ ಅದು ಕೈಕೊಟ್ಟಿತು. ಕರೆಂಟು ಕ್ಷಣಮಾತ್ರ ಹೋಗಿ ಬಂದರೂ ಸಾಕು, ಪೆಟ್ಟಿಗೆಯ ಹಸಿರು ದೀಪ ಹೊತ್ತಿಕೊಳ್ಳುತ್ತಿತ್ತು, ಮೋಟರ್ ಮಾತ್ರ ಏಳುತ್ತಿರಲಿಲ್ಲ. ‘ಇದಕ್ಕ ಯಾರದೋ ಕಣ್ಣು ಬಿದ್ದೈತಿ’ ಎಂದ ಕಾಕಾ ಅಮಾವಾಸ್ಯೆಯ ದಿನ ಮೇನ್ ಸ್ವಿಚ್ ಇಳಿಸಿ, ಪೆಟ್ಟಿಗೆಯನ್ನು ಒರೆಸಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಕಾಯಿ ಒಡೆದು, ಮತ್ತೆ ಸ್ವಿಚ್ ಏರಿಸಿದರು. ಮೋಟರ್ ಎದ್ದಿತು, ಆಮೇಲೂ ಇಪ್ಪತ್ತು ದಿನ ಒಮ್ಮೆಯೂ ತಪ್ಪಲಿಲ್ಲ. ನಿಂಬೆಹಣ್ಣನ್ನು ನಂಬದ ನನಗೆ ಅದಕ್ಕಿಂತ ಮುಜುಗರದ ಸಂಗತಿ ಬೇರೆ ಇರಲಿಲ್ಲ.

ಆ ಪೆಟ್ಟಿಗೆಯೊಳಗೆ ಉಗುರಿನಗಲದ ಒಂದು ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್ ಇದೆ. ಅದರಲ್ಲಿ ಓಡುವುದು ಫ್ರೀಆರ್‌ಟಿಓಎಸ್ ಎಂಬ ರಿಯಲ್-ಟೈಮ್ ಕಾರ್ಯಾಚರಣ ವ್ಯವಸ್ಥೆಯ ಕರ್ನೆಲ್, ಅಂದರೆ ಯಾವ ಕೆಲಸ ಯಾವಾಗ ಓಡಬೇಕೆಂದು ನಿರ್ಧರಿಸುವ ಅದರ ತಿರುಳು. ರಿಯಲ್-ಟೈಮ್ ಎಂದರೆ ಅತಿವೇಗ ಎಂದು ಇಂಜಿನಿಯರಿಂಗ್ ಓದಿದವರೂ ತಿಳಿದಿರುವುದನ್ನು ಕಂಡಿದ್ದೇನೆ. ಅದು ವೇಗದ ಮಾತಲ್ಲ, ಗಡುವಿನ ಮಾತು. ಮೂರು ಫೇಸುಗಳಲ್ಲಿ ಒಂದು ಹೋದರೆ ಮೋಟರಿನ ಸುರುಳಿ ಸುಡುವುದಕ್ಕೆ ಮೊದಲು ರಿಲೇ ವಿದ್ಯುತ್ತನ್ನು ಕಡಿಯಬೇಕು. ಎರಡು ಮಿಲಿಸೆಕೆಂಡಿನಲ್ಲಿ ಕಡಿಯಿತೋ ಇನ್ನೂರರಲ್ಲಿ ಕಡಿಯಿತೋ ಎಂಬುದು ಮುಖ್ಯವಲ್ಲ, ಮೊಬೈಲಿಗೆ ಸಂದೇಶ ಕಳುಹಿಸುವ ಕೆಲಸ ನಡುವೆ ಬಂದಿದ್ದರೂ ಗಡುವು ಒಮ್ಮೆಯೂ ಮೀರಬಾರದು ಎಂಬುದು ಮುಖ್ಯ. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಅಲ್ಲಿ ಮತ್ತೆ ಮತ್ತೆ ರೀಸೆಟ್ ಆದದ್ದೂ ನಿಧಾನದಿಂದಲ್ಲ. ಕಡಿಮೆ ಆದ್ಯತೆಯ ಕೆಲಸವೊಂದು ಹಿಡಿದಿಟ್ಟುಕೊಂಡ ಬೀಗಕ್ಕಾಗಿ ಹೆಚ್ಚಿನ ಆದ್ಯತೆಯ ಕೆಲಸವು ಕಾದು ಕುಳಿತು ಗಡುವು ತಪ್ಪಿಸಿತ್ತು.

ಇಂಥ ಶಿಸ್ತಿನ ಕರ್ನೆಲ್ ಕೂಡ ತಾನಾಗಿ ಏಳಲಾರದು. ಆರ್ಮ್ ಕಾರ್ಟೆಕ್ಸ್-ಎಂ ಜಾತಿಯ ಚಿಪ್ಪಿಗೆ ವಿದ್ಯುತ್ತು ಬಂದಾಗ ಅದಕ್ಕೆ ಗೊತ್ತಿರುವುದು ಎರಡೇ ಸಂಗತಿ: ಸ್ಮೃತಿಯ ಸೊನ್ನೆಯ ವಿಳಾಸದಲ್ಲಿರುವ ಸಂಖ್ಯೆಯನ್ನು ಸ್ಟ್ಯಾಕಿನ (ಕೆಲಸದ ನಡುವಿನ ಲೆಕ್ಕಗಳನ್ನು ಪೇರಿಸಿಡುವ ಜಾಗದ) ತುದಿಯೆಂದು ಇಟ್ಟುಕೊಳ್ಳಬೇಕು, ನಾಲ್ಕನೆಯ ವಿಳಾಸದಲ್ಲಿರುವ ಸಂಖ್ಯೆ ಎತ್ತ ತೋರಿಸುತ್ತದೆಯೋ ಅತ್ತ ಹೋಗಿ ಕೆಲಸ ಶುರು ಮಾಡಬೇಕು. ಹಳೆಯ ಕಾಲದಲ್ಲಿ ಇಷ್ಟೂ ಇರಲಿಲ್ಲ. 1965ರಲ್ಲಿ ಬಂದ ಪಿಡಿಪಿ-8 ಯಂತ್ರದಲ್ಲಿ ಉಳಿದ ಪ್ರೋಗ್ರಾಮುಗಳನ್ನು ಒಳಗೆ ತರುವ ಮೊದಲ ಪುಟ್ಟ ಲೋಡರನ್ನು ಮನುಷ್ಯನೇ ಮುಂಭಾಗದ ಸ್ವಿಚ್ಚುಗಳನ್ನು ಒಂದೊಂದಾಗಿ ಏರಿಸಿ ಇಳಿಸಿ ಸ್ಮೃತಿಗೆ ತುಂಬುತ್ತಿದ್ದ. ಈಗ ಆ ಕೆಲಸವನ್ನು ಕರೆಂಟು ಹೋದರೂ ಅಳಿಯದ ಫ್ಲ್ಯಾಶ್ ಸ್ಮೃತಿಯ ಬಾಗಿಲಲ್ಲೇ ಕುಳಿತಿರುವ ಬೂಟ್‌ಲೋಡರ್ ಮಾಡುತ್ತದೆ. ನನ್ನ ಪೆಟ್ಟಿಗೆಯ ಎಸ್‌ಟಿಎಂ32 ಚಿಪ್ಪಿನಲ್ಲಿ ಫ್ಲ್ಯಾಶ್ ಹದಿನಾರರ ಎಣಿಕೆಯಲ್ಲಿ 08000000 ವಿಳಾಸದಿಂದ ಆರಂಭವಾಗುತ್ತದೆ, ಬೂಟ್ ಆಗುವಾಗ ಸೊನ್ನೆಯ ವಿಳಾಸದಲ್ಲಿಯೂ ಅದೇ ಕಾಣಿಸುತ್ತದೆ. ಮೊದಲ 32 ಕಿಲೋಬೈಟ್ ಬೂಟ್‌ಲೋಡರಿನದು. 08008000ದಿಂದ ಮುಂದಿನದು ಕರ್ನೆಲ್ ಮತ್ತು ಅದರ ಕೆಲಸಗಳದು. ಹೊಸ ಪ್ರೋಗ್ರಾಂ ಪೆಟ್ಟಿಗೆಯಲ್ಲಿರುವ ಸಿಮ್ ಮೂಲಕ ಬಂದರೆ ಪಡೆದುಕೊಂಡು, ಬರುವಾಗ ಕೆಟ್ಟಿಲ್ಲವೆಂದು ಮೊತ್ತ ತಾಳೆ ನೋಡಿ, ಸರಿಯಿದ್ದರೆ ಅದಕ್ಕೆ ಯಜಮಾನಿಕೆ ಬಿಟ್ಟುಕೊಟ್ಟು ಹೊರಟುಹೋಗುವುದು ಬೂಟ್‌ಲೋಡರಿನ ಧರ್ಮ.

ಕಷ್ಟವೆಲ್ಲ ಇರುವುದು ಈ ಹೊರಟುಹೋಗುವುದರಲ್ಲಿ. ಮೇಲೆ ಹೇಳಿದ ಎರಡು ಸಂಖ್ಯೆಗಳು ಒಂದು ಉದ್ದನೆಯ ಪಟ್ಟಿಯ ಮೊದಲೆರಡು ಸಾಲುಗಳು ಮಾತ್ರ. ವೆಕ್ಟರ್ ಟೇಬಲ್ ಎನ್ನುವ ಆ ಪಟ್ಟಿಯಲ್ಲಿ, ಯಾವ ಘಟನೆ ನಡೆದರೆ ಯಾವ ವಿಳಾಸಕ್ಕೆ ಓಡಬೇಕೆಂಬುದು ಬರೆದಿರುತ್ತದೆ: 11ನೆಯದು ಕರ್ನೆಲ್ ಸೇವೆಯ ಕರೆ, 15ನೆಯದು ಗಡಿಯಾರದ ಮಿಡಿತ, 16ರಿಂದ ಮುಂದೆ ಹೊರಗಿನ ಉಪಕರಣಗಳ ಇಂಟರಪ್ಟ್‌ಗಳು, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ಗಮನ ಕೇಳುವ ಕರೆಗಳು. ಬೂಟ್‌ಲೋಡರಿಗೆ ತನ್ನದೊಂದು ಪಟ್ಟಿ, ಕರ್ನೆಲಿಗೆ ತನ್ನದೊಂದು ಪಟ್ಟಿ. ಪ್ರೊಸೆಸರ್ ಯಾವುದನ್ನು ನೋಡಬೇಕೆಂಬುದನ್ನು ವೆಕ್ಟರ್ ಟೇಬಲ್ ಆಫ್‌ಸೆಟ್ ರಿಜಿಸ್ಟರ್ ಎಂಬ ಒಂದೇ ಒಂದು ರಿಜಿಸ್ಟರ್, ಅಂದರೆ ಪ್ರೊಸೆಸರಿನೊಳಗಿನ ಒಂದು ಪುಟ್ಟ ಸ್ಮೃತಿಕೋಶ, ನಿರ್ಧರಿಸುತ್ತದೆ. (ಕಾರ್ಟೆಕ್ಸ್-ಎಂ0 ಚಿಪ್ಪುಗಳಲ್ಲಿ ಅದೂ ಇಲ್ಲ, ಅವುಗಳ ಗೋಳೇ ಬೇರೆ.)

ನಾಲೆಯ ಗ್ಯಾಂಗ್‌ಮನ್ನನ ಗುಡಿಸಲಿನಲ್ಲಿ ಗೋಡೆಗೆ ಅಂಟಿಸಿದ ಫೋನ್ ನಂಬರುಗಳ ಚೀಟಿಯನ್ನು ನೆನೆಯಿರಿ. ಹೊಸ ಇಂಜಿನಿಯರ್ ಬಂದು ಅಧಿಕಾರ ವಹಿಸಿಕೊಂಡರು, ತಮ್ಮ ಪಟ್ಟಿಯನ್ನೂ ತಂದರು, ಅಂಟಿಸುವುದನ್ನು ಮಾತ್ರ ಮರೆತರು. ಹಗಲೆಲ್ಲ ಏನೂ ತೊಂದರೆಯಿಲ್ಲ. ರಾತ್ರಿ ನಾಲೆಯ ಒಡ್ಡು ಒಡೆದಾಗ ಗ್ಯಾಂಗ್‌ಮನ್ ಕರೆ ಮಾಡುವುದು ವರ್ಗವಾಗಿ ಹೋದವರಿಗೆ. ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ನಮ್ಮ ರಾಯಚೂರಿನಲ್ಲೇ ಇದೆ. 1871ರಲ್ಲಿ ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ ಕೂಡಿದ್ದು ರಾಯಚೂರಿನಲ್ಲಿ. ಎರಡು ಬೇರೆ ಕಂಪನಿಗಳ ನಡುವೆ ಹಳಿ ಕೂಡಿದ ಮಾತ್ರಕ್ಕೆ ಗಾಡಿ ಸುರಕ್ಷಿತವಾಗಿ ಮುಂದೆ ಹೋಗುವುದಿಲ್ಲ. ಈ ಗೆರೆಯಾಚೆ ಯಾರ ಸಿಗ್ನಲ್ಲಿಗೆ ತಲೆಬಾಗಬೇಕು ಎಂಬುದು ಚಾಲಕನಿಗೆ ನಿಶ್ಚಯವಾಗಿರಬೇಕು. ಬೂಟ್‌ಲೋಡರಿನಿಂದ ಕರ್ನೆಲಿಗೆ ಜಿಗಿಯುವುದು ಹಳಿ ಕೂಡುವಷ್ಟೇ ಕೆಲಸ. ಆ ರಿಜಿಸ್ಟರನ್ನು ತಿದ್ದುವುದು ಸಿಗ್ನಲ್ ಬದಲಿಸುವ ಕೆಲಸ.

ಮೊದಲ ಸಲ ನಾನು ತಿದ್ದಿರಲಿಲ್ಲ. ಬೂಟ್‌ಲೋಡರ್ ಇಲ್ಲದೆ ಪ್ರೋಗ್ರಾಮನ್ನು ಫ್ಲ್ಯಾಶಿನ ಮೊದಲಿಗೇ ತುಂಬಿದಾಗ ಮೇಜಿನ ಮೇಲೆ ಎಲ್ಲವೂ ಸೊಗಸಾಗಿ ನಡೆದಿತ್ತು, ಏಕೆಂದರೆ ಆಗ ಇದ್ದದ್ದು ಒಂದೇ ಪಟ್ಟಿ. ಬೂಟ್‌ಲೋಡರ್ ಸೇರಿಸಿದ ಮೇಲೆ ದೀಪ ಮಿನುಗಿತು, ಸೀರಿಯಲ್ ಪರದೆಯ ಮೇಲೆ ‘ಕರ್ನೆಲ್ ಆರಂಭ’ ಎಂಬ ಸಂದೇಶವೂ ಬಂತು, ಅನಂತರ ಸ್ಮಶಾನಮೌನ. ಆ ಮೌನಕ್ಕೆ ಕಾರಣವಿತ್ತು: ಈ ಜಾತಿಯ ಚಿಪ್ಪುಗಳಲ್ಲಿ ಫ್ರೀಆರ್‌ಟಿಓಎಸ್ ತನ್ನ ಮೊದಲ ಕೆಲಸವನ್ನು ಎಬ್ಬಿಸುವುದೇ ಆ 11ನೆಯ ಸಾಲಿನ ಕರೆಯ ಮೂಲಕ. ಅಲ್ಲಿಯವರೆಗಿನ ಪ್ರೋಗ್ರಾಮಿನ ಸಾಲುಗಳಿಗೆ ಪಟ್ಟಿಯ ಹಂಗಿರಲಿಲ್ಲ. ಕರೆ ಬಂದ ಕೂಡಲೇ ಪ್ರೊಸೆಸರ್ ಹಳೆಯ ಪಟ್ಟಿಯನ್ನು ನೋಡಿ ಬೂಟ್‌ಲೋಡರಿನ ಖಾಲಿ ಕೋಣೆಗೆ ಓಡಿತು; ಅಲ್ಲಿ ಇದ್ದದ್ದು ಕೊನೆಯಿಲ್ಲದ ಒಂದು ಸುತ್ತು. ಎರಡು ದಿನ ನಾನು ಕರ್ನೆಲನ್ನು ಬಯ್ದೆ, ಅದರ ತಪ್ಪು ಏನೂ ಇರಲಿಲ್ಲ. ಇಷ್ಟೇ ಸಾಲದು: ಬೂಟ್‌ಲೋಡರ್ ಹೊರಡುವ ಮುನ್ನ ತಾನು ಹಚ್ಚಿದ ಗಡಿಯಾರವನ್ನು ನಿಲ್ಲಿಸಬೇಕು, ಬಾಕಿ ಉಳಿದ ಇಂಟರಪ್ಟ್‌ಗಳನ್ನು ಅಳಿಸಬೇಕು, ಸ್ಟ್ಯಾಕಿನ ತುದಿಯನ್ನು ಹೊಸ ಪಟ್ಟಿಯ ಮೊದಲ ಸಾಲಿನಿಂದ ತುಂಬಬೇಕು. ರೀಸೆಟ್ ಆದ ಗಳಿಗೆಯಲ್ಲಿ ಚಿಪ್ಪು ಹೇಗಿರುತ್ತದೆಯೋ ಹಾಗೆಯೇ ಅದು ತನಗೆ ಸಿಗಬೇಕೆಂಬುದು ಕರ್ನೆಲಿನ ನಿರೀಕ್ಷೆ.

ಕಾಕಾನ ಹೊಲದಲ್ಲಿ ಕಾಡಿದ್ದು ಇದರ ತಿರುವುಮುರುವು: ಹಸ್ತಾಂತರಿಸದೆ ಉಳಿದದ್ದಲ್ಲ, ತೆಗೆಯದೆ ಉಳಿದದ್ದು. ಹೊಸ ಪ್ರೋಗ್ರಾಂ ಬರಲಿದೆ ಎಂಬ ಸಂದೇಶ ಮೊಬೈಲಿನಿಂದ ಬಂದಾಗ ಕರ್ನೆಲ್, ಕರೆಂಟು ಹೋದರೆ ಮರೆತುಬಿಡುವ ಸ್ಮೃತಿಯಾದ ರ‍್ಯಾಮಿನ ಒಂದು ಮೂಲೆಯಲ್ಲಿ ಗುರುತಿನ ಸಂಖ್ಯೆಯೊಂದನ್ನು ಬರೆದಿಟ್ಟು ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ಬೂಟ್‌ಲೋಡರ್ ಚೀಟಿಯಂಥ ಆ ಗುರುತನ್ನು ಓದಿ, ಮುಂದೆ ಜಿಗಿಯದೆ, ಪ್ರೋಗ್ರಾಮಿಗಾಗಿ ಕಾಯುತ್ತದೆ. ಆರಂಭದಲ್ಲಿ ರ‍್ಯಾಮನ್ನೆಲ್ಲ ಸೊನ್ನೆ ಮಾಡುವ ಪ್ರೋಗ್ರಾಮಿನ ಭಾಗ ಈ ಮೂಲೆಯನ್ನು ಬೇಕೆಂದೇ ಮುಟ್ಟುವುದಿಲ್ಲ. ಓದಿದ ಚೀಟಿಯನ್ನು ಹರಿದು ಹಾಕುವ ಸಾಲನ್ನು ನಾನು ಬರೆದಿರಲಿಲ್ಲ, ಕಾಯುವುದಕ್ಕೆ ಗಡುವನ್ನೂ ಇಟ್ಟಿರಲಿಲ್ಲ. ವಿದ್ಯುತ್ತು ಕ್ಷಣಕಾಲ ಕುಸಿದರೆ ಚಿಪ್ಪು ರೀಸೆಟ್ ಆಗುತ್ತದೆ, ಆದರೆ ರ‍್ಯಾಮ್ ಅದಕ್ಕಿಂತ ಕಡಿಮೆ ವೋಲ್ಟೇಜಿನಲ್ಲೂ ತನ್ನ ನೆನಪನ್ನು ಹಿಡಿದಿರುತ್ತದೆ, ಕೆಪಾಸಿಟರುಗಳಲ್ಲಿ ಉಳಿದ ಕಸುವು ಅದಕ್ಕೆ ಸಾಕು. ಬೂಟ್‌ಲೋಡರ್ ಹಳೆಯ ಚೀಟಿಯನ್ನೇ ಮತ್ತೆ ಓದಿ, ಯಾರೂ ಕಳುಹಿಸದ ಪ್ರೋಗ್ರಾಮಿಗಾಗಿ ಕಾಯುತ್ತ ಕುಳಿತಿತ್ತು. ತ್ರೀ-ಫೇಸ್ ಇಲ್ಲದ ಹೊತ್ತಿನಲ್ಲೂ ಸಿಂಗಲ್-ಫೇಸ್ ಇರುತ್ತಿದ್ದುದರಿಂದ ಪೆಟ್ಟಿಗೆ ಪೂರ್ತಿ ಆರುವುದೇ ಅಪರೂಪವಾಗಿತ್ತು. ಕಾಕಾನ ಪೂಜೆ ನಡೆದದ್ದು ಅರ್ಧ ತಾಸು. ಅಷ್ಟು ಹೊತ್ತು ಮೇನ್ ಸ್ವಿಚ್ ಇಳಿದಿದ್ದರಿಂದ ರ‍್ಯಾಮ್ ಎಲ್ಲವನ್ನೂ ಮರೆಯಿತು, ಚೀಟಿಯನ್ನೂ.

ಇದು ನನಗೆ ಹೊಳೆದದ್ದು ಇಪ್ಪತ್ತೊಂದನೆಯ ದಿನ, ಹೊಸ ಪ್ರೋಗ್ರಾಂ ಕಳುಹಿಸಿದ ಸಂಜೆಯೇ ಪೆಟ್ಟಿಗೆ ಮತ್ತೆ ಮಲಗಿದಾಗ. ಹಿಂದಿನ ಸಲ ಕೆಟ್ಟದ್ದು ಯಾವಾಗ ಎಂದು ಡೈರಿ ತೆಗೆದು ನೋಡಿದರೆ ಅದೂ ನಾನು ಪ್ರೋಗ್ರಾಂ ಕಳುಹಿಸಿದ ಮರುದಿನವೇ. ಕಣ್ಣು ಬಿದ್ದಿದೆ ಎಂದ ಕಾಕಾನಿಗೆ ಆ ಕಣ್ಣು ಯಾರದೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಚೀಟಿಯನ್ನು ಓದಿದ ಕೂಡಲೇ, ಬೇರೇನೂ ಮಾಡುವ ಮೊದಲೇ ಅಳಿಸುವ ಒಂದು ಸಾಲನ್ನು ಸೇರಿಸಿ, ಸಂಜೆಯವರೆಗೆ ಫ್ಯೂಸನ್ನು ಕಿತ್ತು ಮತ್ತೆ ಹಾಕುತ್ತ ಕುಳಿತೆ. ಪ್ರತಿ ಸಲವೂ ಮೋಟರ್ ಎದ್ದಿತು.