ಬಾಲ್ಯವಿವಾಹ ತಡೆ ಮತ್ತು ಮಕ್ಕಳ ಗ್ರಾಮ ಸಭೆ: ಅಧ್ಯಯನ ಟಿಪ್ಪಣಿ

ಮಕ್ಕಳ ನಡುವಿನ ಲಿಂಗ ತಾರತಮ್ಯವನ್ನು ಸಮುದಾಯ ಹೇಗೆ ತಗ್ಗಿಸಬಲ್ಲದು ಎಂಬ ಪರೀಕ್ಷೆಯ ಪ್ರಶ್ನೆಗೆ ನಮ್ಮಲ್ಲಿ ಬಹುತೇಕರು ‘ಜಾಗೃತಿ ಮೂಡಿಸಬೇಕು’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಅದಕ್ಕೆ ಅಂಕ ಸಿಕ್ಕೀತು, ಒಂದು ಮದುವೆಯೂ ನಿಲ್ಲುವುದಿಲ್ಲ. ಕರ್ನಾಟಕದ ಬಾಲ್ಯವಿವಾಹ ತಡೆಯನ್ನೇ ಹಿಡಿದು ನೋಡೋಣ. ಯಾರು, ಯಾವಾಗ, ಯಾವ ಕಾಗದದ ಮೇಲೆ ಏನು ಮಾಡುತ್ತಾರೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಕಾನೂನು, ಚುಟುಕಾಗಿ

2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಜಾರಿಗೆ ಬಂದದ್ದು 2007ರ ನವೆಂಬರ್ 1ರಂದು. ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು. ಮೂಲ ಕಾಯ್ದೆಯಲ್ಲಿ, ವಯಸ್ಸು ತುಂಬದೆ ಆದ ಮದುವೆ ಸಾಮಾನ್ಯವಾಗಿ ತಾನಾಗಿಯೇ ರದ್ದಾಗುವುದಿಲ್ಲ. ಮದುವೆಯ ಹೊತ್ತಿಗೆ ಅಪ್ರಾಪ್ತರಾಗಿದ್ದವರು ಪ್ರಾಪ್ತ ವಯಸ್ಸಿಗೆ ಬಂದ ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಗಂಡನ ಮನೆಯಲ್ಲಿರುವ, ಕೈಯಲ್ಲಿ ಕಾಸಿಲ್ಲದ ಹುಡುಗಿ ಇದನ್ನು ಮಾಡುತ್ತಾಳೆಂದು ನಂಬುವುದು ಕಷ್ಟ. 2017ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಈ ಗಂಟನ್ನು ಬಿಡಿಸಿತು: ಅಲ್ಲಿಂದ ಮುಂದೆ ನಡೆಯುವ ಪ್ರತಿ ಬಾಲ್ಯವಿವಾಹವೂ ಆರಂಭದಿಂದಲೇ ಅನೂರ್ಜಿತ, ಅಂದರೆ ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಇತರ ರಾಜ್ಯಗಳೂ ಈ ದಾರಿ ಹಿಡಿದರೆ ಒಳ್ಳೆಯದು ಎಂಬ ಅಭಿಪ್ರಾಯವನ್ನು ತೀರ್ಪಿನಲ್ಲಿ ಹೇಳಿತು.

ಇನ್ನೊಂದು ನೆನಪಿಡಬೇಕಾದದ್ದು ಕಾಯ್ದೆಯ 13ನೇ ಪ್ರಕರಣ (ಸೆಕ್ಷನ್). ಮದುವೆ ನಡೆಯುವ ಮೊದಲೇ ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ದೂರು ಯಾರು ಬೇಕಾದರೂ ಕೊಡಬಹುದು. ಸಾಮೂಹಿಕ ವಿವಾಹಗಳು ನಡೆಯುವ ಅಕ್ಷಯ ತೃತೀಯದ ಹೆಸರನ್ನು ಕಾಯ್ದೆಯೇ ಉಲ್ಲೇಖಿಸಿ, ಅಂಥ ದಿನಗಳಲ್ಲಿ ಜಿಲ್ಲಾಧಿಕಾರಿಗೆ ಬಾಲ್ಯವಿವಾಹ ನಿಷೇಧಾಧಿಕಾರಿಯ ಅಧಿಕಾರ ಕೊಟ್ಟಿದೆ.

ತೊಡಕು ಎಲ್ಲಿದೆ?

ಅಧಿಕಾರಿಗಳ ಕೊರತೆಯಿಲ್ಲ. ತೊಡಕಿರುವುದು ಸುದ್ದಿ ಅವರಿಗೆ ಯಾವಾಗ ತಲುಪುತ್ತದೆ ಎಂಬುದರಲ್ಲಿ. ನಿಶ್ಚಯದ ಸುದ್ದಿ ಊರಿಗೆ ಮೊದಲೇ ಗೊತ್ತು, ಕಚೇರಿಗೆ ಕೊನೆಗೆ. ಅಂಗನವಾಡಿ ಕಾರ್ಯಕರ್ತೆಗೆ ತಿಳಿದಿರುತ್ತದೆ, ಆದರೆ ಆಕೆಯೂ ಅದೇ ಊರಿನವಳು; ದೂರು ಕೊಟ್ಟವಳು ಎಂಬ ಹೆಸರು ಹೊತ್ತು ನಾಳೆ ಅದೇ ಬೀದಿಯಲ್ಲಿ ಓಡಾಡಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗುವ ಹೊತ್ತಿಗೆ ಅನೇಕ ಬಾರಿ ಚಪ್ಪರ ಎದ್ದಿರುತ್ತದೆ. ಅಧಿಕಾರಿಗಳು ಬರುತ್ತಾರೆ, ಶಾಲಾ ದಾಖಲೆಯಲ್ಲಿ ಹುಟ್ಟಿದ ದಿನಾಂಕ ನೋಡುತ್ತಾರೆ, ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಕೆಲವು ಕಡೆ ವಾರ ಕಳೆದ ಮೇಲೆ ಅದೇ ಮದುವೆ ಬೇರೆ ತಾಲ್ಲೂಕಿನ ನೆಂಟರ ಮನೆಯಲ್ಲಿ ಸದ್ದಿಲ್ಲದೆ ಮುಗಿಯುತ್ತದೆ. ಮಂಟಪದಲ್ಲಿ ತಡೆದದ್ದನ್ನು ಯಶಸ್ಸೆಂದು ಎಣಿಸುವ ವರದಿಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಹುಡುಗಿ ಶಾಲೆ ಬಿಟ್ಟದ್ದು ಯಾಕೆ ಎಂಬಲ್ಲಿಗೆ ಹಿಂದೆ ಹೋಗಬೇಕು. ಏಳನೇ ತರಗತಿವರೆಗೆ ಊರಲ್ಲೇ ಶಾಲೆ. ಪ್ರೌಢಶಾಲೆ ಮೂರು ನಾಲ್ಕು ಕಿಲೋಮೀಟರ್ ದೂರ. ಸಂಜೆ ಬಸ್ಸಿಲ್ಲ, ದಾರಿಯಲ್ಲಿ ಮದ್ಯದಂಗಡಿ, ಶಾಲೆಯ ಶೌಚಾಲಯದಲ್ಲಿ ನೀರಿಲ್ಲ. ಇದೇ ದಾರಿಯಲ್ಲಿ ಅಣ್ಣ ನಡೆದು ಹೋಗುತ್ತಾನೆ, ತಂಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಉಳಿದ ಹುಡುಗಿಗೆ ಗಂಡು ಹುಡುಕುವುದು ತಡವಾಗುವುದಿಲ್ಲ.

ಮಕ್ಕಳ ಗ್ರಾಮ ಸಭೆ

ಸುಮಾರು ಎರಡು ದಶಕಗಳಿಂದ ಕರ್ನಾಟಕದ ಗ್ರಾಮ ಪಂಚಾಯಿತಿಗಳು ಮಕ್ಕಳಿಗಾಗಿಯೇ ಸಭೆ ನಡೆಸುತ್ತಿವೆ, ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ. ಇದರ ಹಿಂದೆ ಕುಂದಾಪುರ ತಾಲ್ಲೂಕಿನ ಪ್ರಯೋಗವಿದೆ: ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘದ ಬೆನ್ನಿಗೆ 1990ರ ದಶಕದಲ್ಲಿ ಅಲ್ಲಿ ಮಕ್ಕಳೇ ಮತ ಹಾಕಿ ಆರಿಸಿದ ಮಕ್ಕಳ ಪಂಚಾಯಿತಿಗಳು ಬಂದವು.

ಸಭೆಯ ವಿಧಾನ ಸರಳ. ಪಂಚಾಯಿತಿ ಅಧ್ಯಕ್ಷರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಶಿಕ್ಷಕರು ಎದುರಿಗೆ. ಮಕ್ಕಳು ಎದ್ದು ನಿಂತು ಕೇಳುತ್ತಾರೆ, ಇಲ್ಲವೇ ಚೀಟಿ ಬರೆದು ಕೊಡುತ್ತಾರೆ. ಚೀಟಿ ಮುಖ್ಯ. ‘ಶಾಲೆ ಬಿಡುವ ಹೊತ್ತಿಗೆ ಬಸ್ ಬೇಕು’ ಎಂದು ಹುಡುಗಿಯರು ಎದ್ದು ನಿಂತು ಹೇಳಿಯಾರು. ‘ನನ್ನ ಗೆಳತಿಗೆ ಗಂಡು ನೋಡಿದ್ದಾರೆ’ ಎಂಬುದನ್ನು ಊರ ಹಿರಿಯರ ಎದುರು ಹೇಳಲಾರರು. ಹೆಸರಿಲ್ಲದ ಚೀಟಿಯಲ್ಲಿ ಬರೆಯಬಲ್ಲರು. ಸಹಪಾಠಿಗೆ ಗೊತ್ತಿದ್ದ ಸುದ್ದಿ ಚಪ್ಪರ ಏಳುವ ಮೊದಲೇ ಪಿಡಿಒ ಕೈ ಸೇರಲು ಇದು ದಾರಿ. ಅಂಥ ಚೀಟಿಯನ್ನು ಮೈಕಿನಲ್ಲಿ ಓದಬಾರದು ಎಂದು ಬೇರೆ ಹೇಳಬೇಕಿಲ್ಲ ಅಂದುಕೊಂಡರೂ ಹೇಳಿಯೇ ಇಡುವುದು ಕ್ಷೇಮ.

ಬಸ್ಸಿನ ಬೇಡಿಕೆಯನ್ನು ನಡವಳಿ ಪುಸ್ತಕದಲ್ಲಿ ಬರೆದು, ಸಾರಿಗೆ ಡಿಪೋಗೆ ಪತ್ರ ಕಳುಹಿಸಿ, ಏನಾಯಿತೆಂದು ಮರುವರ್ಷ ಅದೇ ಮಕ್ಕಳಿಗೆ ಅನುಪಾಲನಾ ವರದಿ ಕೊಡಬೇಕು. ಬಹಳ ಕಡೆ ಸಭೆ ಭಾಷಣ, ಬಿಸ್ಕತ್ತು, ಫೋಟೋದಲ್ಲಿ ಮುಗಿಯುತ್ತದೆ. ಕ್ಷೇತ್ರ ಅಧ್ಯಯನಕ್ಕೆ ಹೋದವರು ಈ ವರ್ಷದ ಫೋಟೋ ಬಿಟ್ಟು ಹೋದ ವರ್ಷದ ಅನುಪಾಲನಾ ವರದಿ ಕೇಳಿ. ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳ ಬೇಡಿಕೆಗಳನ್ನು ಬೇರೆ ಬೇರೆ ಪಟ್ಟಿ ಮಾಡಿ: ಆಟದ ಮೈದಾನ ಮಂಜೂರಾಗಿ ಶೌಚಾಲಯದ ನೀರು ಬಾಕಿ ಉಳಿದಿದ್ದರೆ ಆ ಪಂಚಾಯಿತಿಯ ಒಲವು ಅಲ್ಲೇ ತಿಳಿಯುತ್ತದೆ.

ಅಂಕಿಯನ್ನು ಓದುವಾಗ

20–24 ವಯಸ್ಸಿನ ಮಹಿಳೆಯರಲ್ಲಿ 18ಕ್ಕೆ ಮೊದಲೇ ಮದುವೆಯಾದವರು, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದಲ್ಲಿ ಶೇ 21.4, ಐದನೇ ಸುತ್ತಿನಲ್ಲಿ ಶೇ 21.3. ಇದನ್ನು ತೋರಿಸಿ ‘ತಿದ್ದುಪಡಿ ಸೋತಿತು’ ಎಂದು ಬರೆಯುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಐದನೇ ಸುತ್ತಿನ ಕ್ಷೇತ್ರಕಾರ್ಯ ರಾಜ್ಯದಲ್ಲಿ ನಡೆದದ್ದು 2019ರಲ್ಲಿ. ಆಗ 20–24 ಇದ್ದವರಿಗೆ 18 ತುಂಬಿದ್ದು ಹೆಚ್ಚುಕಡಿಮೆ 2013ರಿಂದ 2017ರ ನಡುವೆ, ಅಂದರೆ ಅವರ ಬಾಲ್ಯವಿವಾಹಗಳೆಲ್ಲ ಬಹುಮಟ್ಟಿಗೆ ತಿದ್ದುಪಡಿಗೆ ಮುಂಚಿನವು. ಈ ಅಂಕಿ ಹೇಳುವುದು 2006ರ ಮೂಲ ಕಾಯ್ದೆಯ ಕಾಲದ ಕಥೆಯನ್ನು. ತಿದ್ದುಪಡಿಯನ್ನು ಅಳೆಯಲು ಅದಕ್ಕಿಂತ ಈಚಿನ ಹುಡುಗಿಯರ ಲೆಕ್ಕ ಬೇಕು.